ಹಾಪ್ಸ್ ಹೂವು ಮತ್ತು ಪ್ರೆಸ್ಸಿನ ಗುಂಡಿ

ಮೊದಲು ದೂರು ಬಂದದ್ದು ವಾಸನೆಯ ಬಗ್ಗೆ. ಶೆಡ್ಡಿನಲ್ಲಿ ಹಾಪ್ಸ್ ಹೂವಿನ ಸಾರ ತೆಗೆಯಲು ಶುರುಮಾಡಿದ ಹೊಸತರಲ್ಲಿ ಪಕ್ಕದ ಮನೆಗಳವರು ಗೇಟಿಗೆ ಬಂದು, ಇಲ್ಲಿ ಬಿಯರ್ ಕಾಯಿಸುತ್ತಿದ್ದೀರಾ ಎಂದು ಕೇಳಿದ್ದರಂತೆ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಇದೇ ಹೂವು. ಹಳತಾದರೆ ಅದು ಒದ್ದೆ ಕಾಲುಚೀಲದ ಹಾಗೆ ನಾರುತ್ತದೆ. ನೆರೆಯವರೊಡನೆ ಜಗಳ ಬೇಡವೆಂದು ಮಾಲೀಕರು ಎರಡು ಕೆಲಸ ಮಾಡಿಸಿದರು. ಒಳಗಿನ ಗಾಳಿಯನ್ನು ಹೊರಗೆ ಹಾಕುವ ಫ್ಯಾನಿನ ಕಿಂಡಿಗೆ ಪ್ಲೈವುಡ್ ಹೊಡೆಸಿದರು. ಸಾರ ತೆಗೆಯುವ ಯಂತ್ರದ ಗ್ಯಾಸನ್ನು ಛಾವಣಿಯ ಮೇಲಕ್ಕೆ ಒಯ್ಯುತ್ತಿದ್ದ ಕೊಳವೆಯನ್ನು ಕತ್ತರಿಸಿ, ಅದರ ಬಾಯಿಯನ್ನು ಶೆಡ್ಡಿನ ಒಳಗೇ ಇದ್ದಿಲು ತುಂಬಿದ ಒಂದು ಡ್ರಮ್ಮಿಗೆ ಇಳಿಸಿದರು. ಇದ್ದಿಲು ವಾಸನೆಯನ್ನು ಹೀರಿತು. ದೂರು ನಿಂತಿತು.

ಗುಣಮಟ್ಟ ಪರೀಕ್ಷಿಸುವ ಕೆಮಿಸ್ಟ್ ಆಗಿ ನಾನು ಅಲ್ಲಿಗೆ ಸೇರುವಾಗ ಇದೆಲ್ಲ ಆಗಿಹೋಗಿತ್ತು. ಡ್ರಮ್ಮು ಯಾವಾಗಲೂ ಅಲ್ಲೇ ಇದ್ದದ್ದೇನೋ ಎಂಬಂತೆ ನಿಂತಿತ್ತು. ಯಂತ್ರದ ಆಪರೇಟರ್ ತನ್ನ ರೈನ್‌ಕೋಟನ್ನು ಅದರ ಮೇಲೆ ಒಣಗಲು ಹಾಕುತ್ತಿದ್ದ.

ಆ ಶೆಡ್ಡು ಹಿಂದೆ ಹಂಚಿನ ಕಾರ್ಖಾನೆಯದ್ದು. ನೇತ್ರಾವತಿ ಸೇತುವೆಯಿಂದ ಹೆಚ್ಚು ದೂರವಿಲ್ಲ. ಜೇಡಿಮಣ್ಣನ್ನು ಹಂಚಿನ ಅಚ್ಚಿಗೆ ಒತ್ತುವ ಪ್ರೆಸ್ಸು ಇದ್ದ ಕಡೆ ನೆಲ ಎದೆಯಷ್ಟು ಆಳಕ್ಕೆ ತಗ್ಗಿತ್ತು. ಪ್ರೆಸ್ಸು ಗುಜರಿಗೆ ಹೋಗಿ ಗುಂಡಿ ಉಳಿದಿತ್ತು. ಹೊಸ ಯಂತ್ರ ಬಂದಾಗ, ಅದರ ಎತ್ತರಕ್ಕೆ ಹಳೆಯ ಮಾಡು ಸಾಲದೆ, ಕೆಳಗಿನ ಭಾಗವನ್ನು ಈ ಗುಂಡಿಯೊಳಗೆ ಕೂರಿಸಿದ್ದರು. ಎಲ್ಲರೂ ಅದನ್ನು ಪ್ರೆಸ್ಸಿನ ಗುಂಡಿ ಎಂದೇ ಕರೆಯುತ್ತಿದ್ದರು.

ಕೆಲಸ ನಡೆಯುತ್ತಿದ್ದ ರೀತಿಯನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹಾಪ್ಸ್ ಹೂವು ನೋಡಲು ಪುಟ್ಟ ಹಸಿರು ಪೈನ್ ಕಾಯಿಯ ಹಾಗೆ, ಎಸಳಿನ ಮೇಲೆ ಎಸಳು. ಎಸಳು ಬಿಡಿಸಿದರೆ ಬುಡದಲ್ಲಿ ಅಂಟಂಟಾದ ಹಳದಿ ಹುಡಿ. ಕಹಿ, ಪರಿಮಳ, ಔಷಧದ ಗುಣ ಎಲ್ಲ ಇರುವುದು ಆ ಹುಡಿಯಲ್ಲಿ. ನಮಗೆ ಬರುತ್ತಿದ್ದದ್ದು ಒಣಗಿಸಿ, ಪುಡಿಮಾಡಿ, ಗುಳಿಗೆಯಂತೆ ಒತ್ತಿ, ಗಾಳಿ ಆಡದ ಚೀಲಗಳಲ್ಲಿ ತುಂಬಿದ ಹಾಪ್ಸ್. ಅದನ್ನು ದಪ್ಪ ಉಕ್ಕಿನ ಪಾತ್ರೆಗೆ ತುಂಬಿ, ಮುಚ್ಚಳ ಬಿಗಿದು, ಇಂಗಾಲದ ಡೈಆಕ್ಸೈಡನ್ನು ಭಾರೀ ಒತ್ತಡದಲ್ಲಿ ಅದರೊಳಗೆ ಹಾಯಿಸುತ್ತಾರೆ. ಅಷ್ಟು ಒತ್ತಡದಲ್ಲಿ ಆ ಗ್ಯಾಸು ದ್ರವದಂತೆ ವರ್ತಿಸಿ ಹಳದಿ ಹುಡಿಯ ಸಾರವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮುಂದೆ ಸೆಪರೇಟರ್ ಎಂಬ ಇನ್ನೊಂದು ಪಾತ್ರೆಯಲ್ಲಿ ಒತ್ತಡ ಇಳಿದಾಗ ಸಾರವನ್ನು ಬಿಟ್ಟುಕೊಡುತ್ತದೆ. ಸೆಪರೇಟರಿನ ಬುಡದ ವಾಲ್ವ್ ತಿರುಗಿಸಿದರೆ ಜೇನಿಗಿಂತ ಗಟ್ಟಿಯಾದ, ಹಸಿರು ಮಿಶ್ರಿತ ಹಳದಿ ಪೇಸ್ಟು ಬರುತ್ತದೆ. ಅದರ ಜೊತೆ ಪ್ರತಿಸಲವೂ ಫುಸ್ ಎಂದು ಒಂದಿಷ್ಟು ಗ್ಯಾಸು. ಒಂದು ಬ್ಯಾಚ್ ಮುಗಿದ ಮೇಲೆ, ಮುಚ್ಚಳ ತೆರೆಯುವ ಮೊದಲು, ಪಾತ್ರೆಯಲ್ಲಿ ಉಳಿದ ಗ್ಯಾಸನ್ನೆಲ್ಲ ಹೊರಗೆ ಬಿಡಬೇಕು. ಆ ಹೊರಗು ಎಂದರೆ ಈಗ ಇದ್ದಿಲಿನ ಡ್ರಮ್ಮು. ಡ್ರಮ್ಮು ಇದ್ದದ್ದು ಗುಂಡಿಯ ಅಂಚಿನಲ್ಲಿ.

ಸೆಪರೇಟರಿನ ವಾಲ್ವ್ ಗುಂಡಿಯ ತಳಕ್ಕೆ ಹತ್ತಿರ ಇತ್ತು. ಪೇಸ್ಟ್ ತೆಗೆಯುವವರು ಗುಂಡಿಗಿಳಿದು ತಗ್ಗು ಸ್ಟೂಲಿನಲ್ಲಿ ಕೂರಬೇಕಿತ್ತು. ನಿಂತರೆ ತಲೆ ಗುಂಡಿಯ ಮೇಲಿರುತ್ತದೆ, ಕೂತರೆ ಒಳಗಿರುತ್ತದೆ. ಅಲ್ಲಿ ಕೂರುತ್ತಿದ್ದದ್ದು ತೊಕ್ಕೊಟ್ಟು ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಐವತ್ತರ ಹತ್ತಿರದ ಒಬ್ಬ ಹೆಂಗಸು. ಶೆಡ್ಡಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಗಂಡ ಗಲ್ಫಿನಲ್ಲಿ ಡ್ರೈವರ್. ಪೇಸ್ಟು ದುಬಾರಿ, ಒಂದು ತೊಟ್ಟೂ ನೆಲಕ್ಕೆ ಬೀಳಬಾರದು. ಅವಳ ಕೈ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಸ್ಟೀಲ್ ಪಾತ್ರೆಯ ಅಂಚನ್ನು ಬೆರಳಿನಿಂದ ಒರೆಸಿ, ಆ ಬೆರಳನ್ನು ಮತ್ತೆ ಪಾತ್ರೆಗೇ ಒರೆಸುತ್ತಿದ್ದಳು.

ಮಧ್ಯಾಹ್ನದ ನಂತರ ಅವಳಿಗೆ ತೂಕಡಿಕೆ ಬರುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟರೆ ತಲೆ ವಾಲುತ್ತಿತ್ತು. ಎಬ್ಬಿಸಿದರೆ ಕೆಂಪು ಮುಖದಿಂದ ಮೇಲೆ ನೋಡಿ ನಗುತ್ತಿದ್ದಳು.

ಆಪರೇಟರ್ ಅವಳನ್ನು ಕೆಣಕದ ದಿನವಿಲ್ಲ. "ಎಂತ ಅಕ್ಕ, ಮುಖ ಟೊಮೆಟೊ ಆಗಿದೆ?"

"ಎಲ್ಲ ನಿನ್ನ ಹೂವಿನ ಮಹಿಮೆ ಮಾರಾಯ. ಮನೆಯಲ್ಲಿ ಮಲಗಿದ್ರೆ ಕಣ್ಣು ಮುಚ್ಚುವುದಿಲ್ಲ, ಇಲ್ಲಿ ಕೂತ್ರೆ ಕಣ್ಣು ತೆರೆಯುವುದಿಲ್ಲ."

"ಹಾಗಾದ್ರೆ ಧಣಿಗಳು ನಿಮಗೆ ಸಂಬಳ ಕೊಡುವುದಲ್ಲ, ನೀವೇ ಅವರಿಗೆ ರೂಮ್ ಬಾಡಿಗೆ ಕೊಡ್ಬೇಕು."

"ಕೊಡುವಾ. ನಿನ್ನ ಮದುವೆಯಲ್ಲಿ ನನಗೆ ಐಸ್‌ಕ್ರೀಮ್ ಯಾಕೆ ಸಿಗ್ಲಿಲ್ಲ ಅಂತ ಮೊದಲು ಹೇಳು."

"ಎರಡನೇ ಪಂಕ್ತಿಗೆ ಬರ್ಲಿಕ್ಕೆ ಯಾರು ಹೇಳಿದ್ದು?"

ಅವನಿಗೆ ಮದುವೆಯಾಗಿ ಒಂದು ವರ್ಷವಾಗಿತ್ತಷ್ಟೆ. ಅವಳಿಗೆ ಅವನು ತಮ್ಮನ ಹಾಗೆ. ಅವಳು ಊಟದ ಡಬ್ಬಿಯಲ್ಲಿ ಅವನಿಗೂ ಒಂದು ತುಂಡು ಮೀನು ತರುತ್ತಿದ್ದಳು.

ಹಾಪ್ಸ್ ಪೂರೈಸುವವರು ಕಳಿಸಿದ ಒಂದು ಕರಪತ್ರವನ್ನು ಮಾಲೀಕರು ಗೋಡೆಗೆ ಅಂಟಿಸಿದ್ದರು. ಹಿಂದಿನ ಕಾಲದಲ್ಲಿ ವಿದೇಶದ ತೋಟಗಳಲ್ಲಿ ಈ ಹೂವು ಕೊಯ್ಯುವವರಿಗೆ ಕೆಲಸದ ನಡುವೆಯೇ ನಿದ್ದೆ ಬರುತ್ತಿತ್ತು, ಅದರಿಂದಲೇ ಇದು ನಿದ್ದೆಯ ಮೂಲಿಕೆ ಎಂದು ಹೆಸರಾಯಿತು ಎಂದು ಅದರಲ್ಲಿತ್ತು. ಇಂಥ ಮಾತು ಹಳೆಯ ಗಿಡಮೂಲಿಕೆ ಪುಸ್ತಕಗಳಲ್ಲೂ ಇದೆ. ಶೆಡ್ಡಿನವರೆಲ್ಲ ಅದನ್ನು ನಂಬಿದ್ದರು. ನಂಬಲು ಕಾರಣ ಕಣ್ಣೆದುರೇ ಕೂತು ತೂಕಡಿಸುತ್ತಿತ್ತು.

ನನ್ನ ಕೆಲಸದ ಒಂದು ಭಾಗ ಈ ಪೇಸ್ಟಿನಿಂದ ನಾವು ಮಾಡುತ್ತಿದ್ದ ನಿದ್ದೆಯ ಕ್ಯಾಪ್ಸೂಲಿನ ಡಬ್ಬಿಯ ಮೇಲೆ ಏನು ಬರೆಯಬಹುದು, ಏನು ಬರೆಯಬಾರದು ಎಂದು ನೋಡುವುದು. ಹಾಪ್ಸ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ. ಚಡಪಡಿಕೆಗೆ, ನಿದ್ದೆ ಹತ್ತಲು ತಡವಾಗುವುದಕ್ಕೆ ಇದನ್ನು ಬಳಸುವ ರೂಢಿ ಬಹಳ ಹಳೆಯದು. ಸಾಮಾನ್ಯವಾಗಿ ವಲೇರಿಯನ್ ಎಂಬ ಇನ್ನೊಂದು ಬೇರಿನ ಜೊತೆ ಸೇರಿಸಿ ಕೊಡುತ್ತಾರೆ. ಫಲ ಸಿಕ್ಕಿದ್ದು ಯಾವುದರಿಂದ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಹೂವಿನಲ್ಲಿ ಹೆಣ್ಣಿನ ಹಾರ್ಮೋನಿನಂತೆ ವರ್ತಿಸುವ ಒಂದು ಅಂಶವೂ ಇದೆ. ಮುಟ್ಟು ನಿಲ್ಲುವ ಕಾಲದ ಮೈಬಿಸಿಗೆ ಇದನ್ನು ಕೊಡುವುದು ಅದಕ್ಕಾಗಿ. ಅದೇ ಕಾರಣಕ್ಕೆ ಸ್ತನದ ಕ್ಯಾನ್ಸರ್ ಇದ್ದವರು, ಇದ್ದು ಗುಣವಾದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಿದ್ದೆ ಮಾತ್ರೆಯ ಜೊತೆ, ಮದ್ಯದ ಜೊತೆ ತೆಗೆದುಕೊಳ್ಳಬಾರದು. ಖಿನ್ನತೆ ಇದ್ದವರಿಗೂ ಒಳ್ಳೆಯದಲ್ಲ ಎನ್ನುತ್ತಾರೆ. ಈ ಎಚ್ಚರಿಕೆಗಳೆಲ್ಲ ಡಬ್ಬಿಯ ಮೇಲೆ ಇರಬೇಕು ಎಂದಾಗ ಮಾಲೀಕರು, "ಮೇಡಂ, ನೀವು ಮಾರಲಿಕ್ಕೆ ಬರೀತೀರಾ, ಓಡಿಸಲಿಕ್ಕೆ ಬರೀತೀರಾ?" ಎಂದು ಕೇಳಿದ್ದರು. ಆದರೂ ಬರೆಯಲು ಬಿಟ್ಟರು. ಅವರು ಕೆಟ್ಟ ಮನುಷ್ಯ ಆಗಿರಲಿಲ್ಲ.

ಒಮ್ಮೆ ಅಕ್ಕ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದಳು. "ಮೇಡಂ, ಈ ಕ್ಯಾಪ್ಸೂಲ್ ನನಗೆ ಆಗ್ತದಾ? ರಾತ್ರಿ ಮೈಯೆಲ್ಲ ಬೆಂಕಿ ಹಚ್ಚಿದ ಹಾಗೆ ಆಗ್ತದೆ. ಫ್ಯಾನಿನ ಅಡಿಯಲ್ಲಿ ಎದ್ದು ಕೂತ್ಕೊಳ್ತೇನೆ."

ಬೇರೆ ಏನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದೆ. ತಲೆನೋವಿನದ್ದು, ಈಗೀಗ ದಿನಾಲೂ, ಎಂದಳು. ಯಾವಾಗ ತಲೆನೋವು ಎಂದೆ. ಸಂಜೆ, ಕೆಲಸ ಮುಗಿಯುವಾಗ. ಬಸ್ಸು ಸೇತುವೆ ದಾಟುವಾಗ ಕಿಟಕಿಯ ಗಾಳಿಗೆ ಕಡಿಮೆಯಾಗುತ್ತದೆ ಎಂದಳು. ಡಾಕ್ಟರಿಗೆ ತೋರಿಸಿ ಎಂದು ಹೇಳಿದೆ. ಆದರೆ ಅವಳು ಹೋದ ಮೇಲೂ ಸೇತುವೆಯ ಗಾಳಿಯ ಮಾತು ನನ್ನ ತಲೆಯಲ್ಲಿ ಉಳಿಯಿತು.

ಅದೇ ದಿನಗಳಲ್ಲಿ ಹೊರ ಊರಿನ ಒಂದು ಕಂಪನಿಯವರು ಪೇಸ್ಟು ಖರೀದಿಸುವ ಮಾತಿಗೆ ಬಂದಿದ್ದರು. ಮಾಲೀಕರು ಅವರನ್ನು ಗುಂಡಿಯ ಅಂಚಿಗೆ ಕರೆತಂದು, ತೂಕಡಿಸುತ್ತಿದ್ದ ಅಕ್ಕನನ್ನು ತೋರಿಸಿ, ತಗ್ಗಿದ ದನಿಯಲ್ಲಿ, "ನೋಡಿ, ನುಂಗಿದ್ದಲ್ಲ, ಬರೀ ವಾಸನೆಗೇ ಹೀಗೆ" ಎಂದರು. ಬಂದವರು ನಕ್ಕರು. ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿದರು. ನಗು ಕೇಳಿ ಅಕ್ಕ ಎಚ್ಚತ್ತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆರ್ಡರ್ ಸಿಕ್ಕಿತು. ವಿಡಿಯೊ ಎಲ್ಲರ ವಾಟ್ಸ್ಆ್ಯಪಿಗೂ ಬಂತು.

ನಾನು ಆ ವಿಡಿಯೊವನ್ನು ಹಲವು ಸಲ ನೋಡಿದೆ. ನಿದ್ದೆ ಬಂದವರ ಮುಖ ಅಷ್ಟು ಕೆಂಪಾಗುವುದಿಲ್ಲ. ಉಸಿರು ಅಷ್ಟು ಬೇಗಬೇಗ ಇರುವುದಿಲ್ಲ.

ಸಂಶಯ ಒಮ್ಮೆಲೇ ಬಂದದ್ದಲ್ಲ. ಹಾಪ್ಸ್ ಚೀಲ ಬಿಚ್ಚಿ ತೂಗುವವರು ದಿನವಿಡೀ ಅದರ ಹುಡಿಯಲ್ಲೇ ಇರುತ್ತಾರೆ. ಅವರ ಕೈ ತುರಿಸುತ್ತದೆ, ಸೀನು ಬರುತ್ತದೆ, ನಿದ್ದೆ ಬರುವುದಿಲ್ಲ. ನಾನು ಪೇಸ್ಟನ್ನು ಮೂಗಿನ ಹತ್ತಿರ ಹಿಡಿದು ಪರೀಕ್ಷಿಸುತ್ತೇನೆ, ನನಗೂ ಬರುವುದಿಲ್ಲ. ಯಂತ್ರ ನಿಲ್ಲಿಸಿ ತೊಳೆಯುವ ದಿನ ಅಕ್ಕ ಅದೇ ಗುಂಡಿಯಲ್ಲಿ, ಅದೇ ಸ್ಟೂಲಿನಲ್ಲಿ, ಅದೇ ವಾಸನೆಯಲ್ಲಿ ಕೂತು ಪಾತ್ರೆ ಉಜ್ಜುತ್ತಾಳೆ. ಆ ದಿನ ತೂಕಡಿಕೆ ಇಲ್ಲ, ಸಂಜೆ ತಲೆನೋವೂ ಇಲ್ಲ. ಇದನ್ನು ಅವಳನ್ನೇ ಕೇಳಿ ಖಚಿತ ಮಾಡಿಕೊಂಡೆ. ಹಾಗಾದರೆ ಕಾರಣ ಹೂವಲ್ಲ. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರ. ಅದಕ್ಕೆ ಬಣ್ಣವಿಲ್ಲ. ಅದರ ಜೊತೆ ಬರುತ್ತಿದ್ದ ಹೂವಿನ ವಾಸನೆಯನ್ನು ಇದ್ದಿಲು ಹಿಡಿದುಕೊಳ್ಳುತ್ತದೆ, ಗ್ಯಾಸನ್ನು ಹಿಡಿಯುವುದಿಲ್ಲ. ಡ್ರಮ್ಮಿನಿಂದ ಹೊರಬಂದದ್ದು ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ.

ಇದನ್ನು ಹೇಳಿದಾಗ ಆಪರೇಟರಿಗೆ ನಗು. ಅವರೆಲ್ಲ ಅದನ್ನು ಕರೆಯುತ್ತಿದ್ದದ್ದು ಸೋಡಾ ಗ್ಯಾಸ್ ಎಂದು. "ಸೋಡಾ ಕುಡಿದವರು ಸಾಯ್ತಾರಾ ಮೇಡಂ? ಒಂದು ತೇಗು ಬರ್ತದೆ, ಅಷ್ಟೇ."

"ಕುಡಿಯುವುದು ಬೇರೆ, ಉಸಿರಾಡುವುದು ಬೇರೆ. ತಲೆನೋವು ಬರುವುದು ಅದರಿಂದ. ಹೆಚ್ಚಾದ್ರೆ ಪ್ರಜ್ಞೆ ಹೋಗ್ತದೆ."

ಮಾಲೀಕರು ನಗಲಿಲ್ಲ. ಯಂತ್ರ ಕೊಟ್ಟ ಕಂಪನಿಯ ಸರ್ವಿಸ್‌ನವನೊಬ್ಬನನ್ನು ಕರೆಸಿದರು. ಆತ ಬೆಳಿಗ್ಗೆ, ಯಂತ್ರ ಶುರುವಾಗುವ ಮೊದಲು ಬಂದ. ಗ್ಯಾಸ್ ಅಳೆಯುವ ಮೀಟರನ್ನು ಕೈಯಲ್ಲಿ ಹಿಡಿದು ಪೈಪುಗಳ ಜೋಡಣೆಯ ಹತ್ತಿರ, ಪಂಪಿನ ಹತ್ತಿರ, ಗುಂಡಿಯ ಸುತ್ತ ನಡೆದ. ಎದೆಯ ಎತ್ತರದಲ್ಲಿ. ನಾನು ಗುಂಡಿಯೊಳಗೆ ಇಳಿಸಿ ಎಂದೆ. ಇಳಿಸಿದ. ಹಿಂದಿನ ದಿನದ ಗ್ಯಾಸು ರಾತ್ರಿಯಿಡೀ ಶಟರಿನ ಅಡಿಯ ಸಂದಿಯಿಂದ ಬಂದ ಗಾಳಿಗೆ ಚದುರಿ ಹೋಗಿಯಾಗಿತ್ತು. ಮೀಟರ್ ಏನೂ ಹೇಳಲಿಲ್ಲ. ಒಂದು ಬ್ಯಾಚ್ ಮುಗಿದ ಮೇಲೆ ಮತ್ತೊಮ್ಮೆ ನೋಡಿ ಎಂದು ಕೇಳಿದೆ. ಅವನಿಗೆ ಬೇರೆ ಊರಿಗೆ ಹೋಗಬೇಕಿತ್ತು.

"ನೋಡಿದ್ರಾ ಮೇಡಂ," ಎಂದರು ಮಾಲೀಕರು. "ನಾನು ನಿಮ್ಮ ಮಾತು ತೆಗೆದು ಹಾಕ್ಲಿಲ್ಲ. ಮೀಟರ್ ಸರಿ ಉಂಟು ಅಂತ ಹೇಳಿದ ಮೇಲೆ ನಾನು ಎಂತ ಮಾಡುವುದು? ಕೊಳವೆ ಹೊರಗೆ ಬಿಟ್ರೆ ನಾಳೆ ಬೆಳಿಗ್ಗೆ ಆ ಮನೆಯವರು ಗೇಟಿನಲ್ಲಿ ಇರ್ತಾರೆ. ಈ ಆರ್ಡರ್ ಮುಗೀಲಿ. ಮಳೆ ಮುಗಿದ ಮೇಲೆ ಎತ್ತರಕ್ಕೆ ಚಿಮಣಿ ಕಟ್ಟಿಸುವಾ."

ನನ್ನ ಕೈಯಲ್ಲಿ ಅಳತೆ ಇರಲಿಲ್ಲ. ನಮ್ಮದೇ ಒಂದು ಮೀಟರ್ ತರಿಸಲು ಬರೆದುಕೊಟ್ಟೆ. ಅದು ಬರುವವರೆಗೆ, ಪಾತ್ರೆಯ ಗ್ಯಾಸ್ ಬಿಡುವಾಗ ಗುಂಡಿಯಲ್ಲಿ ಯಾರೂ ಇರಬಾರದು ಎಂದು ಒಂದು ನಿಯಮ ಹೇಳಿದೆ. ಆಪರೇಟರ್ ಒಪ್ಪಿದ. ಆ ನಿಯಮವನ್ನು ಅವನು ಕೊನೆಯವರೆಗೂ ಮುರಿಯಲಿಲ್ಲ. ಇದನ್ನು ನಾನು ಎಲ್ಲ ಕಡೆ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಆ ದಿನ ಬೆಳಗ್ಗಿನಿಂದ ಮಳೆ ಹುಚ್ಚುಹಿಡಿದಂತೆ ಸುರಿಯುತ್ತಿತ್ತು. ಗಾಳಿಗೆ ನೀರು ಅಡ್ಡಡ್ಡ ಒಳಗೆ ಬರುತ್ತಿತ್ತು. ಬಿಚ್ಚಿದ ಹಾಪ್ಸ್ ಚೀಲಗಳು ಒದ್ದೆಯಾಗಬಾರದೆಂದು ಶಟರನ್ನು ನೆಲದವರೆಗೆ ಎಳೆದಿದ್ದರು. ಮಳೆಗಾಲದಲ್ಲಿ ಇದು ಹೊಸತಲ್ಲ. ಹೊಸತೆಂದರೆ ಒಂದರ ಹಿಂದೆ ಒಂದು ಬ್ಯಾಚ್ ಓಡಿಸಿದ್ದು, ಆರ್ಡರಿನ ಅವಸರಕ್ಕೆ. ಮಧ್ಯಾಹ್ನದ ಒಳಗೆ ಎರಡು ಸಲ ಪಾತ್ರೆಯ ಗ್ಯಾಸನ್ನು ಡ್ರಮ್ಮಿಗೆ ಬಿಟ್ಟಿದ್ದರು. ಎರಡು ಸಲವೂ ಅಕ್ಕ ಮೇಲೆ ಇದ್ದಳು, ಎರಡನೆಯ ಸಲ ಊಟಕ್ಕೆ ಕೂತಿದ್ದಳು. ಊಟ ಮಾಡಿ, ಡಬ್ಬಿ ತೊಳೆದು, ಮೂರನೆಯ ಬ್ಯಾಚಿನ ಪೇಸ್ಟ್ ತೆಗೆಯಲು ಗುಂಡಿಗೆ ಇಳಿದಳು.

ನಾನು ಲ್ಯಾಬಿನಲ್ಲಿದ್ದೆ. ಸ್ಯಾಂಪಲ್ ಬರಬೇಕಾದ ಹೊತ್ತು ಮೀರಿತು ಅನಿಸಿ, ಬಾಟಲಿ ಹಿಡಿದು ನಾನೇ ಹೋದೆ. ಲ್ಯಾಬಿನಿಂದ ಶೆಡ್ಡಿಗೆ ಒಂದು ಸಣ್ಣ ಬಾಗಿಲು. ಒಳಗೆ ಪಂಪಿನ ಸದ್ದು, ಮಾಡಿನ ಮೇಲೆ ಮಳೆಯ ಸದ್ದು. ಆಪರೇಟರ್ ತನ್ನ ಪ್ಯಾನೆಲ್ ಮುಂದೆ ನಿಂತಿದ್ದ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲ ಮೇಡಂ. ಅಕ್ಕ ಮಲಗಿದ್ದಾರೆ. ನಿನ್ನೆ ರಾತ್ರಿ ಸಹ ನಿದ್ದೆ ಇಲ್ಲವಂತೆ ಪಾಪ. ಸ್ವಲ್ಪ ಮಲಗ್ಲಿ. ಸ್ಯಾಂಪಲ್ ನಾನು ಆಮೇಲೆ ತಂದು ಕೊಡ್ತೇನೆ."

ದಿನವೂ ಮೊಬೈಲಿನಲ್ಲಿ ಹಾಡು ಹಾಕುತ್ತಿದ್ದವನು ಅದನ್ನು ಅವಳಿಗಾಗಿ ನಿಲ್ಲಿಸಿದ್ದ.

ಗುಂಡಿಯ ಅಂಚಿಗೆ ಹೋಗಿ ನೋಡಿದೆ. ಅವಳು ಸ್ಟೂಲಿನ ಮೇಲೆ, ಗೋಡೆಗೆ ಒರಗಿ, ಗದ್ದ ಎದೆಗೆ ತಾಗಿಸಿ ಕೂತಿದ್ದಳು. ವಾಲ್ವ್ ಅರ್ಧ ತೆರೆದಿತ್ತು. ಪಾತ್ರೆ ತುಂಬಿ ಪೇಸ್ಟು ಅಂಚು ದಾಟಿ, ಅವಳ ಬೆರಳುಗಳ ಮೇಲಿಂದ ನೆಲಕ್ಕೆ ಇಳಿಯುತ್ತಿತ್ತು. ವಾಲ್ವಿನಿಂದ ಗ್ಯಾಸು ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು.

ಕರೆದೆ. ಜೋರಾಗಿ ಕರೆದೆ. ಬಾಟಲಿಯನ್ನು ಅವಳ ಪಕ್ಕಕ್ಕೆ ಎಸೆದೆ. ಅದು ಒಡೆದ ಸದ್ದಿಗೂ ಅವಳು ಅಲುಗಲಿಲ್ಲ.

ಆಪರೇಟರ್ ನನ್ನ ಪಕ್ಕದಿಂದ ಮೆಟ್ಟಿಲಿನ ಕಡೆ ಹಾರಿದ. ನಾನು ಅವನ ಅಂಗಿಯನ್ನು ಹಿಂದಿನಿಂದ ಹಿಡಿದೆ. ಅಂಗಿ ಹರಿಯಿತು. ಬೆಲ್ಟ್ ಹಿಡಿದೆ.

"ಬಿಡಿ ಮೇಡಂ!"

"ಇಳಿಯಬೇಡ. ಗುಂಡಿ ತುಂಬ ಗ್ಯಾಸ್ ಉಂಟು. ಬಗ್ಗಿದ್ರೆ ನೀನೂ ಅಲ್ಲೇ ಬೀಳ್ತೀಯ."

"ಉಸಿರು ಕಟ್ಟಿಕೊಂಡು ಹೋಗ್ತೇನೆ. ಅಕ್ಕ ಅಲ್ವಾ ಅದು, ಬಿಡಿ!"

"ಅಷ್ಟು ಭಾರ ಎತ್ತುವಾಗ ಉಸಿರು ಕಟ್ಲಿಕ್ಕೆ ಆಗುವುದಿಲ್ಲ. ಶಟರ್ ತೆಗಿ. ಮೊದಲು ಶಟರ್!"

ಅವನು ನನ್ನನ್ನು ತಳ್ಳಿದ. ನಾನು ನೆಲಕ್ಕೆ ಕೂತೆ, ಬೆಲ್ಟ್ ಬಿಡಲಿಲ್ಲ. ಅವನು ತುಳುವಿನಲ್ಲಿ ನನ್ನನ್ನು ಬೈಯುತ್ತಿದ್ದ, ಅಳುತ್ತಲೂ ಇದ್ದ. ಆ ಹೊತ್ತಿನಲ್ಲಿ ನಾನು ಯೋಚಿಸಿದ್ದು ಇಷ್ಟೇ: ಇವನು ಇಳಿದರೆ ಇಬ್ಬರನ್ನು ಎತ್ತಬೇಕು, ಎತ್ತಲು ನಾನೊಬ್ಬಳೇ ಇರುತ್ತೇನೆ. ಗ್ಯಾಸು ಎಷ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ಇಳಿದವನು ಎತ್ತಿಕೊಂಡು ಬಂದುಬಿಡಬಹುದಾದಷ್ಟೇ ಇತ್ತೋ, ಅದಕ್ಕಿಂತ ಹೆಚ್ಚಿತ್ತೋ, ಈಗಲೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಹಿಡಿದೆ.

ಕೊನೆಗೆ ಅವನು ಶಟರಿನ ಕಡೆ ಓಡಿದ. ನಾನು ಗ್ಯಾಸಿನ ಮುಖ್ಯ ವಾಲ್ವ್ ಮುಚ್ಚಿದೆ. ಯಂತ್ರದ ದೂಳು ಊದಲು ಒಂದು ಏರ್ ಕಂಪ್ರೆಸರ್ ಇತ್ತು. ಅದರ ರಬ್ಬರ್ ಹೋಸನ್ನು ಪೂರ್ತಿ ತೆರೆದು, ಬಾಯಿ ಅವಳ ಮುಖದ ಹತ್ತಿರ ಬರುವಂತೆ ಗುಂಡಿಗೆ ಬಿಟ್ಟೆ. ಗಾಳಿಯ ರಭಸಕ್ಕೆ ಅದು ಹಾವಿನ ಹಾಗೆ ಹೊರಳಿ ದೂರ ಹೋಯಿತು. ಎಳೆದು ಮತ್ತೆ ಬಿಟ್ಟೆ. ಅಷ್ಟರಲ್ಲಿ ಕೂಗು ಕೇಳಿ ಪ್ಯಾಕಿಂಗ್ ಕಡೆಯವರು ಬಂದರು. ಅವರು ಹಾರೆಯಿಂದ ಕಿಂಡಿಯ ಪ್ಲೈವುಡ್ ಕಿತ್ತರು. ಮಳೆ, ಗಾಳಿ ಎರಡೂ ಒಳಗೆ ನುಗ್ಗಿದವು. ಸರಕು ಎತ್ತುವ ಹಗ್ಗವನ್ನು ಆಪರೇಟರನ ಸೊಂಟಕ್ಕೆ ಕಟ್ಟಿಸಿದೆ. ಅವನು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಇನ್ನೂ ಸ್ವಲ್ಪ ಗಾಳಿ ಹೋಗಲಿ ಎಂದು ಕಾಯಿಸಿದೆ. ಆಮೇಲೆ ಹೋಗು ಎಂದೆ.

ಎಷ್ಟು ಹೊತ್ತು ಕಾಯಿಸಿದಿರಿ ಎಂದು ಪೊಲೀಸರು ಕೇಳಿದರು, ಕಾರ್ಖಾನೆಗಳ ತಪಾಸಣೆಯವರು ಕೇಳಿದರು, ಅವಳ ಗಂಡ ಕೇಳಿದರು. ನಾನು ಗಡಿಯಾರ ನೋಡಿರಲಿಲ್ಲ. ಊಹಿಸಿ ಹೇಳಲು ಒಪ್ಪಲಿಲ್ಲ.

ಮೇಲೆ ತಂದಾಗ ನಾಡಿ ಸಣ್ಣಗೆ ಸಿಗುತ್ತಿತ್ತು. ಉಸಿರು ನಿಂತಂತಿತ್ತು. ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟೆ. ಅವಳ ತುಟಿಗೆ ತಾಗಿದ್ದ ಪೇಸ್ಟಿನ ಕಹಿ ನನ್ನ ಬಾಯಿಗೆ ಬಂತು. ಮಾಲೀಕರ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಒಯ್ದೆವು. ದಾರಿಯಲ್ಲಿ ಒಮ್ಮೆ ದೀರ್ಘವಾಗಿ ಉಸಿರೆಳೆದಳು. ಆಪರೇಟರ್, "ಅಕ್ಕ, ಲಕ್ಕ್‌ಲೆ ಅಕ್ಕ, ಏಳಿ" ಎಂದು ಅವಳ ಪಾದ ಉಜ್ಜುತ್ತಲೇ ಇದ್ದ. ಮಾಲೀಕರು ಗಾಡಿ ಓಡಿಸುತ್ತ ಹಿಂದಕ್ಕೆ ನೋಡಲೇ ಇಲ್ಲ.

ಆಸ್ಪತ್ರೆಯಲ್ಲಿ ಅವಳು ಕೆಲವು ದಿನ ಇದ್ದಳು, ಯಂತ್ರದ ಉಸಿರಿನಲ್ಲಿ. ಮೆದುಳಿಗೆ ಪ್ರಾಣವಾಯು ಇಲ್ಲದೆ ಹೋದದ್ದು ಹೆಚ್ಚಾಯಿತು ಎಂದರು ವೈದ್ಯರು. ಗಂಡ ಗಲ್ಫಿನಿಂದ ಬಂದು ತಲುಪಿದ ಮರುದಿನ ತೀರಿಹೋದಳು.

ಮಾಲೀಕರು ಒಮ್ಮೆ ಮಾತ್ರ ಕೇಳಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ, ನೆಲ ನೋಡುತ್ತ. "ಮೇಡಂ, ಅವರಿಗೆ ಬಿಪಿ ಏನಾದ್ರೂ ಇತ್ತಾ?" ಇರಲಿಲ್ಲ ಎಂದೆ. ನಾನು ಹೇಳಿಕೆಯಲ್ಲಿ ಡ್ರಮ್ಮನ್ನು, ಕತ್ತರಿಸಿದ ಕೊಳವೆಯನ್ನು, ಪ್ಲೈವುಡ್ಡನ್ನು, ಬೆಳಗ್ಗಿನ ಮೀಟರನ್ನು, ನನ್ನ ನಿಯಮವನ್ನು ಹೇಳಿದೆ. ಆ ನಿಯಮ ಸಾಲದ್ದಾಗಿತ್ತು ಎಂದೂ ಹೇಳಿದೆ: ಗ್ಯಾಸ್ ಬಿಡುವಾಗ ಯಾರೂ ಇಲ್ಲದಿದ್ದರೆ ಸಾಲದು, ಬಿಟ್ಟ ಗ್ಯಾಸು ಹೋಗಿರಬೇಕು. ಶಟರ್ ಮುಚ್ಚಿದ ದಿನ ಅದು ಹೋಗಲಿಲ್ಲ. ಹೂವಿನ ಮೇಲೆ ನನ್ನ ದೂರಿಲ್ಲ. ಆ ಮಧ್ಯಾಹ್ನ ಅದು ಯಾರಿಗೂ ನಿದ್ದೆ ಬರಿಸಲಿಲ್ಲ.

ಶೆಡ್ಡಿಗೆ ಬೀಗ ಬಿತ್ತು. ವಿಡಿಯೊವನ್ನು ನಾನು ಅಳಿಸಿದೆ. ಬೇರೆಯವರ ಮೊಬೈಲುಗಳಲ್ಲಿ ಅದು ಇನ್ನೂ ಇರಬೇಕು.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಭಾನುವಾರ, ನಾನು ಚರ್ಚಿನಿಂದ ಬಂದು ಕುಲಶೇಖರದ ನನ್ನ ಮನೆಯ ಬಾಗಿಲು ತೆರೆಯುತ್ತಿದ್ದೆ. ಆಪರೇಟರನ ಹೆಂಡತಿ ಮೆಟ್ಟಿಲಲ್ಲಿ ಕಾಯುತ್ತಿದ್ದಳು. ತುಂಬಿದ ಬಸುರಿ. ಒಂದು ಚೀಲದಲ್ಲಿ ಬಾಳೆಹಣ್ಣಿನ ಗೊನೆಯ ಎರಡು ಚಿಪ್ಪು ತಂದಿದ್ದಳು. ಒಳಗೆ ಕರೆದೆ. ಕುರ್ಚಿಯ ತುದಿಯಲ್ಲಿ ಕೂತು, ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎಂದು ಕರೆದಳು.

"ನೀವು ಅವರನ್ನು ಹಿಡಿದದ್ದಂತೆ, ಬಾಯಮ್ಮ. ಪ್ಯಾಕಿಂಗಿನವರು ಹೇಳಿದ್ದು. ಇವರು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ನೀವು ಹಿಡಿಯದಿದ್ರೆ ಇವತ್ತು ನಾನು..." ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ನನಗೆ ಹೇಳ್ಲಿಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಬಂದದ್ದು."

"ಅವನು ಬಂದಿಲ್ಲವಾ?"

"ಒಂದು ಸುತ್ತು ಹೋಗಿದ್ರು, ಈಗ ಗೇಟಿನ ಹತ್ತಿರ ಇದ್ದಾರೆ. ಒಳಗೆ ಬರುವುದಿಲ್ಲ ಅಂತಾರೆ. ನೀವು ಬೇಜಾರು ಮಾಡ್ಬೇಡಿ."

ನಾನು ಹೊರಗೆ ಹೋದೆ. ಅವನು ಬೈಕಿನ ಮೇಲೆ ರಸ್ತೆಗೆ ಮುಖ ಮಾಡಿ ಕೂತಿದ್ದ. ತೆಳ್ಳಗಾಗಿದ್ದ. ನನ್ನ ಹೆಜ್ಜೆ ಕೇಳಿದರೂ ತಿರುಗಲಿಲ್ಲ.

"ಆಗಲೇ ಇಳಿದಿದ್ರೆ ಅಕ್ಕ ಉಳೀತಿದ್ರಾ ಮೇಡಂ?"

"ಗೊತ್ತಿಲ್ಲ. ನೀನು ಬೀಳುವ ಸಾಧ್ಯತೆ ಹೆಚ್ಚಿತ್ತು."

"ಅದು ಎಲ್ಲರೂ ಹೇಳ್ತಾರೆ." ಬೈಕಿನ ಕೀಯನ್ನು ತಿರುಗಿಸಿದ, ಮತ್ತೆ ಹಿಂದಕ್ಕೆ ತಿರುಗಿಸಿದ. "ಇನ್ನೊಂದು ಕೇಳ್ತೇನೆ. ಸುಳ್ಳು ಹೇಳ್ಬೇಡಿ. ನೀವು ಬರುವ ಮೊದಲು, ಅಕ್ಕನ ತಲೆ ವಾಲಿದ್ದು ನೋಡಿ ನಾನು ಹಾಡು ಬಂದ್ ಮಾಡಿದೆ. ಆವಾಗ ಕರೆದಿದ್ರೆ, ಏಳ್ತಿದ್ರಾ?"

ಇದಕ್ಕೂ ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಈ ಪ್ರಶ್ನೆಯನ್ನು ನಾನು ಅವನಿಗಿಂತ ಮೊದಲೇ ನನ್ನಲ್ಲಿ ಕೇಳಿಕೊಂಡು, ಗ್ಯಾಸಿನ ಲೆಕ್ಕ, ಗುಂಡಿಯ ಅಳತೆ, ಪಾತ್ರೆಯಿಂದ ಹೊರಚೆಲ್ಲಿದ ಪೇಸ್ಟು, ಎಲ್ಲವನ್ನೂ ಸೇರಿಸಿ ನೋಡಿದ್ದೆ. ಚೆಲ್ಲಿದ್ದು ಸ್ವಲ್ಪವೇ, ಅಂದರೆ ಪಾತ್ರೆ ತುಂಬುವವರೆಗೂ ವಾಲ್ವ್ ಹಿಡಿದಿದ್ದ ಅವಳಿಗೆ ಎಚ್ಚರವಿತ್ತು. ತಲೆ ವಾಲಿದ ಮೊದಲ ಗಳಿಗೆಯಲ್ಲಿ ಅದು ದಿನದ ತೂಕಡಿಕೆಯೇ ಆಗಿತ್ತು.

"ಏಳ್ತಿದ್ರು," ಎಂದೆ.

ಅವನು ತಲೆಯಾಡಿಸಿದ. ಬಹಳ ದಿನಗಳಿಂದ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದವನಂತೆ, ಒಮ್ಮೆ ಮಾತ್ರ. ಆಮೇಲೆ ಮನೆಯ ಕಡೆ ತಿರುಗಿ, "ಬಾ, ಹೋಗುವಾ" ಎಂದು ಹೆಂಡತಿಯನ್ನು ಕರೆದ. ಅವಳು ಹತ್ತಿ ಕೂರುವವರೆಗೆ ಬೈಕನ್ನು ಎರಡೂ ಕಾಲುಗಳಿಂದ ಗಟ್ಟಿಯಾಗಿ ಹಿಡಿದುಕೊಂಡ. ಅವಳ ಕೈಯನ್ನು ಹಿಂದಿನಿಂದ ಎಳೆದು ತನ್ನ ಸೊಂಟದ ಸುತ್ತ ಇಟ್ಟುಕೊಂಡು, ನಿಧಾನವಾಗಿ, ರಸ್ತೆಯ ಹೊಂಡಗಳನ್ನು ಒಂದೊಂದಾಗಿ ತಪ್ಪಿಸುತ್ತ ಹೋದ.